ಘಟ್ಟವಿಳಿದ ಕೌದಿ

ಹುಬ್ಬಳ್ಳಿಯ ಬಸ್ಸು ನಿಲ್ದಾಣ. ವೈಶಾಖದ ಒಂದು ಮುಂಜಾವು. ಶಿರಸಿಯ ಬಸ್ಸಿನ ಬಾಗಿಲಲ್ಲಿ ಒಬ್ಬ ವೃದ್ಧೆ ಕಂಡಕ್ಟರನೊಡನೆ ವಾದಕ್ಕೆ ನಿಂತಿದ್ದಳು. ವಾದ ಟಿಕೆಟ್ಟಿನದಲ್ಲ, 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾದಂದಿನಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನ ಪ್ರಯಾಣ ಉಚಿತ. ತಕರಾರು ಬಂದಿದ್ದುದು ಆಕೆಯ ತಲೆಯ ಮೇಲಿದ್ದ ಗಂಟಿನ ಬಗೆಗೆ.

“ಯವ್ವಾ, ಅಷ್ಟು ದೊಡ್ಡ ಗಂಟು ಒಳಗ ಬ್ಯಾಡ. ಹಿಂದಿನ ಡಿಕ್ಕಿಯಾಗ ಹಾಕು.”

“ಧೂಳಾಗ ಹಾಕಾಕ ಅದು ಜ್ವಾಳದ ಚೀಲ ಅಲ್ಲಪ್ಪಾ. ಕೂಸಿನ ಹಾಸಿಗಿ. ನನ್ನ ತೊಡಿ ಮ್ಯಾಲ ಇಟ್ಟಗೊತೀನಿ.”

ಕಂಡಕ್ಟರ್ ನಕ್ಕು ದಾರಿ ಬಿಟ್ಟ. ಗಂಟು ಆಕೆಯ ತೊಡೆಯನ್ನೇರಿತು. ಬಸ್ಸು ದಕ್ಷಿಣಕ್ಕೆ ಮುಖ ತಿರುಗಿಸಿತು.

ಈ ಪ್ರಯಾಣಿಕಳ ಹೆಸರು ಇಲ್ಲಿ ಮುಖ್ಯವಲ್ಲ. ಕುಂದಗೋಳದ ಕಡೆಯ ಎರೆಹೊಲದ ಹಳ್ಳಿಗಳಲ್ಲಿ ಇಂತಹ ಹೆಣ್ಣುಮಗಳು ಯಾವ ಓಣಿಯಲ್ಲಿಯೂ ಸಿಕ್ಕಾಳು. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಮುಂಗಾರಿನ ಮೋಡ ಕಾಣಿಸಿಕೊಳ್ಳುವವರೆಗೆ, ನೆರೆಹೊರೆಯವರ ಹಳೆಯ ಬಟ್ಟೆಗಳಿಂದ ಕೌದಿ ಹೊಲಿದುಕೊಡುವುದು ಆಕೆಯ ಕಸುಬು. ಕೂಲಿ ಕೆಲವರಿಂದ ಹಣವಾಗಿ, ಕೆಲವರಿಂದ ಜೋಳವಾಗಿ ಬರುತ್ತದೆ. ಆದರೆ ಈ ಬೇಸಿಗೆಯ ಕೌದಿಗೆ ಕೂಲಿಯಿಲ್ಲ. ಇದು ಧಾರೇಶ್ವರದಲ್ಲಿರುವ ಮಗಳ ಮನೆಗೆ ಹೊರಟದ್ದು.

ಅಳಿಯ ಶಾಲಾ ಮಾಸ್ತರ. ನೌಕರಿಯ ನಿಮಿತ್ತ ಕುಮಟಾ ತಾಲ್ಲೂಕಿಗೆ ಬಂದು, ಧಾರೇಶ್ವರದಲ್ಲಿ ಬಾಡಿಗೆಯ ಮನೆ ಹಿಡಿದವನು. ಮಗಳು ಎರಡನೆಯ ಹೆರಿಗೆಗೆ ತವರಿಗೆ ಬರಬೇಕಾಗಿತ್ತು. ಆದರೆ ಆಗ ತಂದೆ ಹಾಸಿಗೆ ಹಿಡಿದಿದ್ದ. ರೋಗಿಯನ್ನು ನೋಡುವುದೇ, ಬಾಣಂತಿಯನ್ನು ನೋಡುವುದೇ ಎಂದು ತಾಯಿ ಕಂಗೆಟ್ಟಾಗ, ಮಗಳೇ “ನಾನು ಇಲ್ಲೇ ಇರ್ತೀನಿ” ಎಂದಳು. ಗಂಡುಮಗು ಕರಾವಳಿಯಲ್ಲಿ ಹುಟ್ಟಿತು. ಮೊಮ್ಮಗನ ಮುಖ ನೋಡದೆಯೇ ಅಜ್ಜ ಕಣ್ಣು ಮುಚ್ಚಿದ. ಅವನ ನಾಲ್ಕು ಧೋತರ, ಒಂದು ರುಮಾಲು ಗೂಟದ ಮೇಲೆ ಉಳಿದವು. ಈಗ ಅವು ಆ ಗಂಟಿನೊಳಗಿದ್ದವು.

ಅಂಚಿನಿಂದ ನಡುವಿಗೆ

ಕೌದಿಯೆಂದರೆ ಬರಿಯ ತೇಪೆಯ ಹೊದಿಕೆಯಲ್ಲ. ಕೆಳಗೊಂದು ಗಟ್ಟಿ ಸೀರೆಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಹಳೆಯ ಧೋತರ, ಪಂಚೆಗಳನ್ನು ಮಡಿಕೆಯಿಲ್ಲದಂತೆ ಹರಡಿ, ಮೇಲ್ಗಡೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ಚೌಕಟ್ಟಿಲ್ಲ, ಯಂತ್ರವಿಲ್ಲ, ಉದ್ದನೆಯ ಸೂಜಿ, ದಪ್ಪ ನೂಲು, ಎರಡು ಕೈ. ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ನಾಲ್ಕೂ ಅಂಚುಗಳನ್ನು ಸುತ್ತಿ, ಸುತ್ತಿನ ಒಳಗೆ ಮತ್ತೊಂದು ಸುತ್ತಾಗಿ, ಕೊನೆಗೆ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಹಳೆಯ ನೂಲಿನ ಬಟ್ಟೆಯೇ ಇದಕ್ಕೆ ಬೇಕು. ತೊಳೆದು ತೊಳೆದು ಮೆತ್ತಗಾದ ಅರಿವೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ. ಬೆವರನ್ನೂ ತಂಪನ್ನೂ ಅದು ಹೀರಿಕೊಳ್ಳುತ್ತದೆ.

ಅಂಚಿನ ಸುತ್ತುಗಳನ್ನು ಆಕೆ ಊರಿನಲ್ಲಿಯೇ ಮುಗಿಸಿದ್ದಳು. ಕೆಳಗೆ ತನ್ನದೇ ಇಳಕಲ್ಲ ಸೀರೆ, ಒಳಗೆ ಗಂಡನ ಧೋತರಗಳು, ಅಂಚಿಗೆ ಅವನ ರುಮಾಲಿನ ಪಟ್ಟಿ. ನಡುವನ್ನು ಮಾತ್ರ ಬಿಟ್ಟಿದ್ದಳು. ಅಲ್ಲಿ ಮಗಳ ಸೀರೆಯ ತುಂಡು ಸೇರಬೇಕು: ಅಜ್ಜ, ಅಜ್ಜಿ, ತಾಯಿ, ಮೂವರೂ ಕೂಡಿದ ಹಾಸಿಗೆಯ ಮೇಲೆ ಕೂಸು ಮಲಗಬೇಕು. ಇದು ಆಕೆಯ ಲೆಕ್ಕಾಚಾರ.

ತಡಸ ದಾಟಿ ಬಸ್ಸು ಮುಂಡಗೋಡಕ್ಕೆ ಬಂತು. ಎರೆಮಣ್ಣು ಹಿಂದುಳಿದು ಕೆಂಪು ನೆಲವೂ ಸಾಗುವಾನಿಯ ಕಾಡೂ ಎದುರಾದವು. 1966ರಿಂದ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕೊಟ್ಟ ಊರಿದು. ಇಲ್ಲಿಯೂ, ಯಲ್ಲಾಪುರ, ಹಳಿಯಾಳಗಳ ಅಡವಿಯ ಅಂಚಿನಲ್ಲಿಯೂ ಸಿದ್ದಿ ಜನರ ವಸತಿಗಳಿವೆ. ಶತಮಾನಗಳ ಹಿಂದೆ ಆಫ್ರಿಕದಿಂದ ಭಾರತಕ್ಕೆ ಬಂದವರ ಸಂತತಿ ಇವರು. ಇಂದು ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ ಆಡುವವರು ಅವರಲ್ಲಿ ಅನೇಕ. ಅವರ ಹೆಂಗಸರ ಕೌದಿಗೆ ‘ಕವಂದಿ’ ಎಂದು ಹೆಸರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳು ಪ್ರದರ್ಶನಗೊಂಡು ದೂರದೇಶದ ಜನರನ್ನು ಬೆರಗುಗೊಳಿಸಿದುವು.

ಮುಂಡಗೋಡದಲ್ಲಿ ಹತ್ತಿದ ಸಿದ್ದಿ ಹೆಂಗಸೊಬ್ಬಳು ಮಗ್ಗುಲಲ್ಲಿ ಕುಳಿತಳು. ಗಂಟಿನಿಂದ ಇಣುಕುತ್ತಿದ್ದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, “ಹೊಲಿಗೆ ಚೊಲೋ ಐತಿ. ಆದರ ಮೂಲಿ ಬರೇ ಐತಲ್ಲ?” ಎಂದಳು. ಕವಂದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿದ ‘ಫುಲ’ಗಳಿರಬೇಕು, ಹೂವಿಲ್ಲದ ಕವಂದಿ ಬೆತ್ತಲೆಯಿದ್ದಂತೆ ಎಂಬುದು ಸಿದ್ದಿ ಹೆಂಗಸರ ಭಾವನೆ. ಇಳಿಯುವ ಮೊದಲು ಆಕೆ ತನ್ನ ಚೀಲದಿಂದ ಕೆಂಪು ಬಟ್ಟೆಯ ನಾಲ್ಕು ಚೂರುಗಳನ್ನು ತೆಗೆದು, ಮಡಿಸುವ ಬಗೆಯನ್ನು ತೋರಿಸಿಕೊಟ್ಟಳು. ಗಂಟಿಗೆ ಹೊಸ ಊರಿನ ಬಟ್ಟೆ ಸೇರಿತು.

ಹತ್ತಿ ನಡೆದ ದಾರಿ

ಶಿರಸಿಯಲ್ಲಿ ಬಸ್ಸು ಬದಲಾಯಿಸಬೇಕು. ಇಲ್ಲಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ಅಡಕೆ ತೋಟಗಳ ತಂಪನ್ನು ದಾಟಿ, ರಾಗಿಹೊಸಳ್ಳಿಯನ್ನು ಹಿಂದಿಕ್ಕಿ, ದಾರಿ ದೇವಿಮನೆ ಘಟ್ಟದ ನೆತ್ತಿಯನ್ನು ಮುಟ್ಟುತ್ತದೆ. ಅಲ್ಲಿ ದೇವಿಯ ಗುಡಿ. ವೃದ್ಧೆ ಕುಳಿತಲ್ಲಿಂದಲೇ ಕೈಮುಗಿದಳು. ಅನಂತರ ತಿರುವಿನ ಮೇಲೆ ತಿರುವು. ಕಿಟಕಿಯ ಒಂದು ಕಡೆ ಗುಡ್ಡದ ಗೋಡೆ, ಇನ್ನೊಂದು ಕಡೆ ಹಸುರಿನ ಪಾತಾಳ.

ಈ ದಾರಿಯಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿಯುವುದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎರೆಹೊಲಗಳ ಅರಳೆಯನ್ನು ಹೊತ್ತ ಎತ್ತು, ಗಾಡಿಗಳು ಕುಮಟೆಯ ಬಂದರಿಗೆ ಇಳಿಯುತ್ತಿದ್ದವು; ಅಲ್ಲಿಂದ ಹಾಯಿಹಡಗುಗಳು ಮೂಟೆಗಳನ್ನು ಮುಂಬಯಿಗೆ ಸಾಗಿಸುತ್ತಿದ್ದವು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಬಂದರಿನ ಹೆಸರು ಬೆಳೆಗೇ ಅಂಟಿಕೊಂಡು, ಬಯಲುಸೀಮೆಯ ನಾಡಹತ್ತಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎನಿಸಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾದಾಗ, ಧಾರವಾಡದ ಅರಳೆಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದರ ಹಿಂದೆಯೂ ಹತ್ತಿ ವ್ಯಾಪಾರದ ಒತ್ತಾಯವಿತ್ತು. 1880ರ ದಶಕದ ಕೊನೆಗೆ ರೈಲು ಘಟ್ಟವನ್ನು ದಾಟಿ ಮರ್ಮಗೋವಾ ಬಂದರನ್ನು ಮುಟ್ಟಿದ ಮೇಲೆ ಹತ್ತಿ ಬೇರೆ ದಾರಿ ಹಿಡಿಯಿತು. ಕುಮಟೆಯ ಬಂದರಿನ ವೈಭವ ಇಳಿಯಿತು.

ಅಂದು ಹತ್ತಿ ಮೂಟೆಯಾಗಿ ಇಳಿದು ಹಡಗನ್ನೇರಿತು. ಇಂದು ಅದೇ ನೆಲದ ಹೆಣ್ಣುಮಗಳೊಬ್ಬಳ ತೊಡೆಯ ಮೇಲೆ ನೂಲಾಗಿ, ನೇಯ್ಗೆಯಾಗಿ, ಉಟ್ಟು ಹಳತಾದ ಬಟ್ಟೆಯಾಗಿ ಇಳಿಯುತ್ತಿತ್ತು.

ದಾರದ ಊರು

ಕತಗಾಲ ಕಳೆದು ಕುಮಟೆ ಮುಟ್ಟುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಅಲ್ಲಿಂದ ಹೊನ್ನಾವರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೆಲವೇ ಮೈಲಿ ಸಾಗಿದರೆ ಧಾರೇಶ್ವರ. ತೆಂಗಿನ ಸಾಲು, ಪಶ್ಚಿಮಕ್ಕೆ ಕಡಲು, ಊರ ನಡುವೆ ಧಾರಾನಾಥನ ಪುರಾತನ ಶಿಲಾ ದೇವಾಲಯ.

ಎಂಟು ವರ್ಷದ ಮೊಮ್ಮಗಳು ಮರುದಿನವೇ ಆಯಿಯ ಕೈ ಹಿಡಿದು ಗುಡಿಗೆ ಕರೆದೊಯ್ದಳು. ಊರಿನ ಕಥೆಯನ್ನೂ ಹೇಳಿದಳು. ರಾವಣ ಆತ್ಮಲಿಂಗವನ್ನು ಲಂಕೆಗೆ ಒಯ್ಯುತ್ತಿದ್ದಾಗ ಗಣಪತಿ ಅದನ್ನು ಗೋಕರ್ಣದಲ್ಲಿ ನೆಲಕ್ಕಿಟ್ಟನು. ಸಿಟ್ಟಿಗೆದ್ದ ರಾವಣ ಲಿಂಗದ ಹೊದಿಕೆಗಳನ್ನು ಕಿತ್ತೆಸೆದನು. ಸ್ಥಳೀಯರ ಐತಿಹ್ಯದಂತೆ ಲಿಂಗಕ್ಕೆ ಕಟ್ಟಿದ್ದ ದಾರ ಬಿದ್ದದ್ದು ಧಾರೇಶ್ವರದಲ್ಲಿ. ಹೊದಿಸಿದ್ದ ವಸ್ತ್ರ ಬಿದ್ದದ್ದು ಮುರುಡೇಶ್ವರದಲ್ಲಿ.

ಕಥೆಯನ್ನು ಕೇಳಿದ ಕೌದಿಗಾರ್ತಿ ಒಂದು ಕ್ಷಣ ಯೋಚಿಸಿ, “ದಾರ ಒಂದ ಊರಾಗ, ಅರಿವಿ ಒಂದ ಊರಾಗ ಒಗದರ ಹೆಂಗವ್ವಾ? ಎರಡೂ ಕೂಡಿದರ ಅಲ್ಲೇನು ಕೆಲಸ ಆಗೂದು?” ಎಂದಳು.

ದಾರದ ಊರಿನಲ್ಲಿ ಆಕೆಗೆ ಕೊರತೆಯಾದದ್ದು ಅರಿವೆಯೇ. ಮಗಳ ಕಪಾಟಿನ ಸೀರೆಗಳೆಲ್ಲ ಸಿಂಥೆಟಿಕ್. ತೊಳೆದರೆ ಬೇಗ ಒಣಗುತ್ತವೆ, ಇಸ್ತ್ರಿ ಬೇಡ, ಬೆಲೆಯೂ ಕಡಿಮೆ; ಮನೆಗೆಲಸದ ಹೆಣ್ಣಿಗೆ ಅವು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಕೌದಿಗೆ ಮಾತ್ರ ಅವು ಸಲ್ಲವು. ಬಟ್ಟೆ ಜಾರುತ್ತದೆ, ಹೊಲಿಗೆ ಕೂರುವುದಿಲ್ಲ, ನೀರು ಹೀರುವುದಿಲ್ಲ. ಈ ಕಸುಬಿನವರನ್ನು ಇಂದು ಎಲ್ಲೆಡೆಯೂ ಕಾಡುವ ತೊಂದರೆ ಇದು: ಕೈಯಿದೆ, ಸೂಜಿಯಿದೆ, ಹಳತಾಗುವ ನೂಲಿನ ಬಟ್ಟೆಯೇ ಮನೆಗಳಿಂದ ಮಾಯವಾಗುತ್ತಿದೆ.

“ಅವ್ವಾ, ಈ ಸೆಕೆಯಾಗ ಕೌದಿ ಯಾಕ? ಇಲ್ಲಿ ಚಳಿ ಎಲ್ಲೈತಿ?” ಎಂದು ಮಗಳು ಕೇಳಿದಳು.

“ಚಳಿಗಲ್ಲವಾ, ಮಳಿಗೆ” ಎಂದಳು ತಾಯಿ.

ಧಾರವಾಡದ ಸುತ್ತ ವರ್ಷವೆಲ್ಲ ಬೀಳುವುದು 800 ಮಿಲಿಮೀಟರಿನ ಆಸುಪಾಸಿನ ಮಳೆ. ಈ ಕರಾವಳಿಯಲ್ಲಿ ಅದು 3,000 ಮಿಲಿಮೀಟರನ್ನು ಮೀರುತ್ತದೆ. ಆಷಾಢದ ರಾತ್ರಿಗಳಲ್ಲಿ ನೆಲವೂ ಗೋಡೆಯೂ ತೇವ ಬಿಡುವುದನ್ನು ಮಗಳು ಫೋನಿನಲ್ಲಿ ಹೇಳಿದ್ದಳು. ಅದನ್ನು ತಾಯಿ ಮರೆತಿರಲಿಲ್ಲ.

ಮಗಳ ಪೆಟ್ಟಿಗೆಯಲ್ಲಿ ನೂಲಿನ ಮೈಯ ಒಂದೇ ಒಂದು ಸೀರೆಯಿತ್ತು: ಮದುವೆಯಲ್ಲಿ ತಂದೆ ಕೊಡಿಸಿದ ಇಳಕಲ್ಲ ಸೀರೆ. ತಾಯಿ ಅದನ್ನು ಕೇಳಿದಳು. ಮಗಳು ಮುಖ ತಿರುಗಿಸಿದಳು.

“ಅಪ್ಪ ಕೊಡಿಸಿದ್ದು. ಅದೊಂದ ಉಳದೈತಿ. ಕತ್ತರಿ ಹಾಕಾಕ ಆಗೂದಿಲ್ಲ.”

ತಾಯಿ ಮತ್ತೆ ಆ ಮಾತೆತ್ತಲಿಲ್ಲ. ಗಂಡನ ಧೋತರಕ್ಕೆ ತಾನು ಕತ್ತರಿ ಇಡುವ ಮೊದಲು ಎಷ್ಟು ದಿನ ಸುಮ್ಮನೆ ಕುಳಿತಿದ್ದಳೆಂಬುದು ಆಕೆಗೆ ಗೊತ್ತಿತ್ತು.

ದಿನಗಳು ಕಳೆದವು. ಬೆಳಿಗ್ಗೆ ಜಗುಲಿಯ ಮೇಲೆ ಕೌದಿ ಹರಡಿಕೊಳ್ಳುತ್ತಿತ್ತು. ಕಣ್ಣು ಮಂಜಾದ ಆಯಿಗೆ ಮೊಮ್ಮಗಳು ಸೂಜಿಗೆ ನೂಲು ಪೋಣಿಸಿ ಕೊಡುತ್ತಿದ್ದಳು. ನೆರೆಮನೆಯ ಹೆಂಗಸರು ಬಂದು ಕುಳಿತು, ತಮ್ಮ ಅಜ್ಜಿಯರ ಗೋದಡಿಗಳನ್ನು ನೆನೆದರು. ಒಬ್ಬಾಕೆ ಹಳೆಯ ಪಂಚೆಯೊಂದನ್ನು ತಂದುಕೊಟ್ಟಳು. ಸಿದ್ದಿ ಹೆಂಗಸಿನ ಕೆಂಪು ಚೂರುಗಳು ಮೂಲೆಗಳಲ್ಲಿ ಹೂವಾದುವು. ಸುತ್ತು ಕಿರಿದಾಗುತ್ತ ಬಂದು, ಕಡೆಗೆ ನಡುವೆ ಒಂದು ಗೇಣಿನಷ್ಟು ಜಾಗ ಉಳಿಯಿತು. ಅಲ್ಲಿ ಒಳಗಿನ ಧೋತರದ ಬಿಳುಪು ಹಾಗೆಯೇ ಕಾಣುತ್ತಿತ್ತು.

ಊರಿಗೆ ಮರಳುವ ದಿನ ಹತ್ತಿರವಾಯಿತು. ಮುಂಗಾರು ಬಲವಾದರೆ ದೇವಿಮನೆಯಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದುಂಟು. ಅತ್ತ ಬಯಲುಸೀಮೆಯಲ್ಲಿ ಬಿತ್ತನೆ ಕಾಯುತ್ತಿತ್ತು. ಹೊರಡುವ ಹಿಂದಿನ ರಾತ್ರಿ ಕಡಲ ಕಡೆಯಿಂದ ಮೊದಲ ಗುಡುಗು ಕೇಳಿಸಿತು. ವಿದ್ಯುತ್ತು ಹೋಯಿತು. ಬೆಚ್ಚಿ ಅತ್ತ ಕೂಸನ್ನು ಮಗಳು ಅರೆಮುಗಿದ ಕೌದಿಯ ಮೇಲೆಯೇ ಮಲಗಿಸಿದಳು. ಕೂಸು ಹೊರಳಿ, ನಡುವೆ ತೆರೆದಿದ್ದ ಆ ಬಿಳಿಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ರೆಹೋಯಿತು. ಮೊಂಬತ್ತಿಯ ಬೆಳಕಿನಲ್ಲಿ ಮಗಳು ಅದನ್ನು ಬಹಳ ಹೊತ್ತು ನೋಡುತ್ತ ಕುಳಿತಳು.

ಬೆಳಗಾದಾಗ ಇಳಕಲ್ಲ ಸೀರೆ ಜಗುಲಿಯ ಮೇಲಿತ್ತು. ಮಗ್ಗುಲಲ್ಲಿ ಕತ್ತರಿ.

ಮಗಳೇ ಒಳಸೆರಗಿನ ಕಡೆಯಿಂದ ಗೇಣುದ್ದದ ತುಂಡನ್ನು ಕತ್ತರಿಸಿದಳು. ತಾಯಿ ಅದನ್ನು ಮಡಿಸಿ ಅಳತೆಗೆ ಕೂರಿಸಿದಳು. ತನ್ನ ಮನೆಯ ರೂಢಿಯಂತೆ, ಕೌದಿ ಹಸಿದಿರಬಾರದೆಂದು, ಅದರಡಿಯಲ್ಲಿ ಒಣರೊಟ್ಟಿಯ ಒಂದು ಚೂರನ್ನಿಟ್ಟಳು. ಆಮೇಲೆ ಸೂಜಿಯನ್ನು ಮಗಳ ಕೈಗೆ ಕೊಟ್ಟಳು.

“ನನಗ ಬರೂದಿಲ್ಲವ್ವಾ. ಸೊಟ್ಟ ಆಗತೈತಿ.”

“ಆಗಲಿ. ನಿನ್ನ ಸೀರಿ, ನಿನ್ನ ಕೈ. ನನಗ ಬಸ್ಸಿಗೆ ಹೊತ್ತಾತು.”

ಬರುವಾಗ ಗಂಟಿದ್ದ ತೊಡೆಯ ಮೇಲೆ ಹೋಗುವಾಗ ಒಂದು ತೆಂಗಿನಕಾಯಿ ಚೀಲವಿತ್ತು. ದೇವಿಮನೆಯ ತಿರುವುಗಳನ್ನು ಬಸ್ಸು ಏರುತ್ತಿದ್ದಾಗ ಕಿಟಕಿಯ ಗಾಜಿನ ಮೇಲೆ ದಪ್ಪ ಹನಿಗಳು ಬೀಳತೊಡಗಿದವು. ಶಿರಸಿಯಲ್ಲಿ ಇಳಿಯುವ ಹೊತ್ತಿಗೆ ಫೋನು ಮೊಳಗಿತು. ಅತ್ತಣಿಂದ ಮೊಮ್ಮಗಳ ದನಿ:

“ಆಯೀ, ಅಮ್ಮ ಹೊಲಿದು ಮುಗಿಸಿದಳು. ಸ್ವಲ್ಪ ಸೊಟ್ಟ ಆಗಿದೆ. ಇಲ್ಲಿ ಮಳೆ ಬರ್ತಾ ಇದೆ. ತಮ್ಮ ಅದರ ಮೇಲೆ ಮಲಗಿದಾನೆ.”