ನೋಟಿಸು ಅಂದ್ರೆ ತೀರ್ಪಲ್ಲ, ಸ್ವಾಮೀ!

ಹಾವೇರಿ ಅಂದರೆ ಏಲಕ್ಕಿ ಹಾರ, ಬ್ಯಾಡಗಿ ಅಂದರೆ ಮೆಣಸಿನಕಾಯಿ. ಹೊರಗಿನವರಿಗೆ ನಮ್ಮ ಜಿಲ್ಲೆಯ ಬಗ್ಗೆ ಗೊತ್ತಿದ್ದದ್ದು ಇಷ್ಟೇ. 2025ರ ಜುಲೈನಲ್ಲಿ ಮಾತ್ರ ದಿಲ್ಲಿ, ಮುಂಬೈ ಪತ್ರಿಕೆಗಳಲ್ಲೂ ಹಾವೇರಿಯ ಹೆಸರು ರಾರಾಜಿಸಿತು. ಕಾರಣ, ಇಲ್ಲಿನ ಒಬ್ಬ ತರಕಾರಿ ವ್ಯಾಪಾರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಬಂದ ನೋಟಿಸು. ಮೊತ್ತ 29 ಲಕ್ಷ ರೂಪಾಯಿ! ಹೀರೇಕಾಯಿ, ಬದನೆಕಾಯಿ, ಮೆಂತ್ಯದ ಕಟ್ಟು ಮಾರುವವನಿಗೆ 29 ಲಕ್ಷ.

ಈ ಲೆಕ್ಕ ಹೇಗೆ ಹುಟ್ಟಿತು? ನಾಲ್ಕು ವರ್ಷಗಳಲ್ಲಿ ಯುಪಿಐ ಮೂಲಕ ಆ ವ್ಯಾಪಾರಿಯ ಖಾತೆಗೆ ಬಂದದ್ದು 1 ಕೋಟಿ 63 ಲಕ್ಷ ಅಂತ ಇಲಾಖೆ ಹೇಳಿತು. ಪೆನ್ಸಿಲು ಹಿಡಿದು ಅದರ ಶೇಕಡಾ 18 ತೆಗೆಯಿರಿ. 29 ಲಕ್ಷದ ಮೇಲೆ ಚಿಲ್ಲರೆ ಬರುತ್ತದೆ. ಅದೇ 1 ಕೋಟಿ 63 ಲಕ್ಷವನ್ನು ನಾಲ್ಕು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 11 ಸಾವಿರದ ವ್ಯಾಪಾರ. ನೆನಪಿರಲಿ, ಇದು ವ್ಯಾಪಾರ, ಲಾಭ ಅಲ್ಲ. ಬೆಳಗ್ಗೆ ರೈತನಿಗೆ ಕೊಟ್ಟ ದುಡ್ಡು, ಆಟೋ ಬಾಡಿಗೆ, ಸಂಜೆಗೆ ಕೊಳೆತು ಎಸೆದ ಟೊಮೆಟೊ ಎಲ್ಲ ಅದರೊಳಗೇ ಇವೆ. ಎಲ್ಲಕ್ಕಿಂತ ದೊಡ್ಡ ವಿಷಯವೆಂದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

ಹಾವೇರಿಯೊಂದೇ ಅಲ್ಲ, ರಾಜ್ಯದ ತುಂಬ ಬೇಕರಿ, ಚಹಾದ ಅಂಗಡಿ, ಕಾಂಡಿಮೆಂಟ್ಸ್ ನಡೆಸುವವರಿಗೆ ಇಂಥ ಕಾಗದ ಹೋದವು. ಬೆಂಗಳೂರಿನಲ್ಲಿ ರಾತ್ರೋರಾತ್ರಿ ಕ್ಯೂಆರ್ ಹಲಗೆಗಳು ಮಾಯವಾಗಿ 'ನಗದು ಮಾತ್ರ' ಅಂತ ರಟ್ಟಿನ ಬೋರ್ಡು ಬಂದವು. ಜುಲೈ 25ಕ್ಕೆ ಅಂಗಡಿ ಬಂದ್ ಅಂತ ಕರೆ ಹೊರಟಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕೂರಿಸಿಕೊಂಡು ಮಾತಾಡಿದರು. ಹಾಲು, ಹಣ್ಣು, ತರಕಾರಿಯಂಥ ತೆರಿಗೆ ಇಲ್ಲದ ಸಾಮಾನು ಮಾರುವವರ ಮೇಲಿನ ನೋಟಿಸು ಮುಂದುವರಿಸುವುದಿಲ್ಲ ಅಂದರು. ಬಂದ್ ಕರೆ ವಾಪಸಾಯಿತು.

ಒಳ್ಳೆಯದೇ. ಆದರೆ ನೋಟಿಸು ಬಂದಾಗಲೆಲ್ಲ ಮುಖ್ಯಮಂತ್ರಿಗಳೇ ಸಭೆ ಕರೆಯುತ್ತಾರೆ ಅನ್ನುವ ಗ್ಯಾರಂಟಿ ಮಾತ್ರ ಯಾವ ಸರ್ಕಾರವೂ ಕೊಟ್ಟಿಲ್ಲ. ಅವತ್ತು ಹಲಗೆ ಕಿತ್ತಿಟ್ಟವರಲ್ಲಿ ಎಷ್ಟು ಮಂದಿ ನೋಟಿಸಿನ ಎರಡನೇ ಪುಟ ಓದಿದ್ದರು? 'ಏನ್ರೀ ಇದು, ಮನಿ ಮಾರಿದ್ರೂ ತೀರಂಗಿಲ್ಲ' ಅಂತ ತಲೆ ಮೇಲೆ ಕೈ ಹೊತ್ತು ಕೂತರೆ ಕಾನೂನು ನಿಮಗೆ ಕೊಟ್ಟ ದಿನಗಳು ಕರಗಿ ಹೋಗುತ್ತವೆ. ಹಲಗೆ ಕಿತ್ತರೆ ಹಿಂದಿನ ಲೆಕ್ಕವೇನೂ ಅಳಿಸುವುದಿಲ್ಲ, ಅದು ಆಗಲೇ ಇಲಾಖೆಯ ಕಂಪ್ಯೂಟರಿನಲ್ಲಿದೆ.

ನೋಟಿಸು ಅಂದರೆ ಪ್ರಶ್ನೆ. 'ನಿಮ್ಮಿಂದ ಇಷ್ಟು ಬರಬೇಕು ಅಂತ ನಮಗೆ ಕಾಣುತ್ತಿದೆ, ಯಾಕೆ ವಸೂಲು ಮಾಡಬಾರದು, ಹೇಳಿ' ಅನ್ನುವ ಪ್ರಶ್ನೆ. ಆದೇಶ ಬರುವುದು ಆಮೇಲೆ. ಇವೆರಡರ ನಡುವಿನ ಜಾಗ ಇದೆಯಲ್ಲ, ಅದು ಅಂಗಡಿಯವನದು. ಅಲ್ಲಿ ಮಾತಾಡುವುದಕ್ಕೆ ಕಾಸು ಕೊಡಬೇಕಾಗಿಲ್ಲ.

ಜಿಎಸ್‌ಟಿ ಕಾಯ್ದೆಯ 75ನೇ ಕಲಮು ಓದಿಸಿಕೊಳ್ಳಿ. ನೀವು ಬರವಣಿಗೆಯಲ್ಲಿ ಕೇಳಿದರೆ ಅಧಿಕಾರಿ ನಿಮ್ಮನ್ನು ಎದುರು ಕೂರಿಸಿಕೊಂಡು ಕೇಳಲೇಬೇಕು. ನೀವು ಕೇಳದಿದ್ದರೂ, ನಿಮಗೆ ವಿರುದ್ಧವಾದ ಆದೇಶ ಮಾಡುವ ಯೋಚನೆ ಇದ್ದರೆ ಕರೆಯಲೇಬೇಕು. ಜ್ವರವೋ, ಮನೆಯಲ್ಲಿ ಸಾವೋ, ತಕ್ಕ ಕಾರಣ ತೋರಿಸಿದರೆ ವಿಚಾರಣೆ ಮುಂದೆ ಹಾಕಬೇಕು. ಹಾಗೆ ಮುಂದೆ ಹಾಕುವುದು ಮೂರು ಸಲ ಮಾತ್ರ. ಆದೇಶದಲ್ಲಿ ಸಂಗತಿ ಏನು, ಯಾವ ಆಧಾರದ ಮೇಲೆ ಹೀಗೆ ತೀರ್ಮಾನಿಸಿದೆ ಅನ್ನುವುದನ್ನು ಬರೆಯಬೇಕು. ನೋಟಿಸಿನಲ್ಲಿ 2 ಲಕ್ಷ ಬರೆದು ಆದೇಶದಲ್ಲಿ 3 ಲಕ್ಷ ಮಾಡುವ ಹಾಗಿಲ್ಲ. ನೋಟಿಸಿನಲ್ಲಿ ಇಲ್ಲದ ಹೊಸ ಕಾರಣ ತಂದು ಸೇರಿಸುವ ಹಾಗೂ ಇಲ್ಲ.

'ನಾನು ರಿಜಿಸ್ಟರೇ ಆಗಿಲ್ಲ, ನನಗೆ ಈ ಹಕ್ಕೆಲ್ಲಿ?' ಅನ್ನಬೇಡಿ. ನೋಂದಣಿ ಇಲ್ಲದವರ ಮೇಲೆ ಅಧಿಕಾರಿ ತನಗೆ ತಿಳಿದ ಮಟ್ಟಿಗೆ ತೆರಿಗೆ ನಿರ್ಧರಿಸಬಹುದು ಅಂತ 63ನೇ ಕಲಮು ಹೇಳುತ್ತದೆ ನಿಜ. ಅದೇ ಕಲಮಿನ ಬಾಲದಲ್ಲಿ, ಆಸಾಮಿಯ ಮಾತು ಕೇಳಲು ಅವಕಾಶ ಕೊಡದೆ ಆದೇಶ ಮಾಡಕೂಡದು ಅಂತಲೂ ಇದೆ.

'ತಿಳಿದ ಮಟ್ಟಿಗೆ' ಅಂದರೆ 'ಮನಸ್ಸಿಗೆ ಬಂದ ಹಾಗೆ' ಅಲ್ಲ. ಇದು 1954ರಲ್ಲೇ ತೀರ್ಮಾನವಾದ ಮಾತು. ಢಾಕೇಶ್ವರಿ ಕಾಟನ್ ಮಿಲ್ಸ್‌ನ ಇನ್‌ಕಂ ಟ್ಯಾಕ್ಸ್ ಕೇಸಿನಲ್ಲಿ, ಆಧಾರವಿಲ್ಲದ ಬರೀ ಊಹೆಯ ಮೇಲೆ ತೆರಿಗೆ ಹಾಕಲಾಗದು ಅಂತ ಸುಪ್ರೀಂ ಕೋರ್ಟು ಹೇಳಿತು. ಆ ಕೇಸಿನಲ್ಲಿ ಮಿಲ್ಲಿನವರಿಗೆ ತೋರಿಸದ ಮಾಹಿತಿಯನ್ನು ಅವರ ವಿರುದ್ಧವೇ ಬಳಸಲಾಗಿತ್ತು.

ಮಿಲ್ಲು ದೊಡ್ಡವರ ಕತೆ ಅನ್ನಿಸಿದರೆ ಕಿರಾಣಿ ಅಂಗಡಿಯ ಕತೆ ಕೇಳಿ. ಸೇಲ್ಸ್ ಟ್ಯಾಕ್ಸ್ ಕಾಲದ್ದು. ಕೇರಳದ ಒಬ್ಬ ಕಿರಾಣಿ ವ್ಯಾಪಾರಿಯ ಲೆಕ್ಕವನ್ನು ಅಧಿಕಾರಿ ತಳ್ಳಿಹಾಕಿದ. ಯಾಕೆ? ಸಗಟು ವ್ಯಾಪಾರಿಯೊಬ್ಬನ ಪುಸ್ತಕದಲ್ಲಿದ್ದ ವಹಿವಾಟು ಈತನ ಪುಸ್ತಕದಲ್ಲಿರಲಿಲ್ಲ. 'ಹಾಗಾದರೆ ಆ ಸಗಟಿನವನನ್ನು ಕರೆಸಿ, ನಾನೇ ನಾಲ್ಕು ಪ್ರಶ್ನೆ ಕೇಳುತ್ತೇನೆ' ಅಂದ ಕಿರಾಣಿಯವನು. ಅಧಿಕಾರಿ ಆಗುವುದಿಲ್ಲ ಅಂದ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1977ರಲ್ಲಿ ಗೆದ್ದದ್ದು ಕಿರಾಣಿಯವನೇ! ಇನ್ನೊಬ್ಬನ ಪುಸ್ತಕ ನಂಬಿ ಈತನ ಪುಸ್ತಕ ಸುಳ್ಳು ಅನ್ನುವುದಾದರೆ, ಆ ಇನ್ನೊಬ್ಬನನ್ನು ಪ್ರಶ್ನಿಸುವ ಅವಕಾಶ ಈತನಿಗೆ ಕೊಡಬೇಕು ಅಂತ ತೀರ್ಪಾಯಿತು. ಅಂದಿನ ಸಗಟು ಪುಸ್ತಕದ ಜಾಗದಲ್ಲಿ ಇಂದು ಯುಪಿಐ ಪಟ್ಟಿ ಬಂದು ಕೂತಿದೆ. ಆ ಪಟ್ಟಿ ನಿಮಗೂ ಕೊಡಿ ಅಂತ ಬರೆದು ಕೇಳಿ.

ಪಟ್ಟಿ ಕೈಗೆ ಬಂದ ಮೇಲೆ ಕೆಲಸ ನಿಮ್ಮದು. ಖಾತೆಗೆ ಬಿದ್ದದ್ದೆಲ್ಲ ವ್ಯಾಪಾರವಲ್ಲ. ತಮ್ಮ ಕಳಿಸಿದ್ದು, ಚೀಟಿ ದುಡ್ಡು, ಕೈಸಾಲ ವಾಪಸು ಬಂದದ್ದು, ಪಕ್ಕದ ಅಂಗಡಿಯವನಿಗೆ ಚಿಲ್ಲರೆ ಕೊಟ್ಟು ಫೋನಿಗೆ ಹಾಕಿಸಿಕೊಂಡದ್ದು, ಎಲ್ಲವನ್ನೂ ಬೇರೆ ಮಾಡಿ ತೋರಿಸಬೇಕು. ಎಪಿಎಂಸಿ ಚೀಟಿ, ಹಾಲಿನ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕು ಒಂದು ಡಬ್ಬಿಯಲ್ಲಿ ಇಟ್ಟವನು ಬಚಾವ್.

ಇಲ್ಲಿ ವ್ಯಾಪಾರಿಗಳಿಗೂ ಒಂದು ಕಟು ಮಾತು ಹೇಳಬೇಕು. 'ಸಾಮಾನಿಗೆ 40 ಲಕ್ಷದವರೆಗೆ ನೋಂದಣಿ ಬೇಡ, ಹಾಲಿಗೆ ತೆರಿಗೆ ಇಲ್ಲ, ಹಾಗಾದ್ರೆ ಹಾಲಿನ ವ್ಯಾಪಾರ ಲೆಕ್ಕಕ್ಕಿಲ್ಲ' ಅಂತ ಬಸ್ ಸ್ಟ್ಯಾಂಡಿನಲ್ಲಿ ವಾದ ಮಾಡುವವರಿದ್ದಾರೆ. ಹಾಲು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ, ನಿಜ. ಆದರೆ ಅದೇ ಅಂಗಡಿಯಲ್ಲಿ ಸೋಪು, ಬಿಸ್ಕತ್ತು ಇಟ್ಟಿದ್ದರೆ 40 ಲಕ್ಷದ ಲೆಕ್ಕಕ್ಕೆ ಹಾಲೂ ಸೇರುತ್ತದೆ. ತೆರಿಗೆ ಬೀಳುವುದು ಸೋಪು, ಬಿಸ್ಕತ್ತಿನ ಮೇಲೆ ಮಾತ್ರ. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಗೊತ್ತಿಲ್ಲದೆ ಮಿತಿ ದಾಟಿದವರು ಬಹಳ ಮಂದಿ ಇದ್ದಾರೆ.

ಉತ್ತರ ಕೊಡದೆ ಕೂತರೆ ಏನಾಗುತ್ತದೆ? ಆದೇಶ ಆಗುತ್ತದೆ. ಆಮೇಲೂ ಅಪೀಲು ಉಂಟು, ಆದರೆ ಅಲ್ಲಿ ಬಾಗಿಲಲ್ಲೇ ಹುಂಡಿ ಇಟ್ಟಿದ್ದಾರೆ. ತಕರಾರಿನ ತೆರಿಗೆಯ ಶೇಕಡಾ 10 ಮೊದಲು ಕಟ್ಟಬೇಕು. 29 ಲಕ್ಷ ಪೂರ್ತಿ ತಕರಾರಿನದು ಅಂದುಕೊಂಡರೆ 2 ಲಕ್ಷ 90 ಸಾವಿರ. ಮೆಂತ್ಯದ ಕಟ್ಟು ಮಾರಿ ಎಲ್ಲಿಂದ ತಂದಾನು? ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ ಅನ್ನುವುದೊಂದು ಸಮಾಧಾನ. ತೆರಿಗೆ ಇಲ್ಲದ ಸಾಮಾನಿಗೆ ತೆರಿಗೆ ಹಾಕಿದ ತಪ್ಪು ತಿದ್ದಿಸಲು ಬಡವನೇ ಮುಂಗಡ ಕೊಡಬೇಕಾದ ಈ ಏರ್ಪಾಡು ನನಗಂತೂ ನ್ಯಾಯ ಅನ್ನಿಸುವುದಿಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯೂ ಇಲ್ಲ ಅಂತ ಸಂವಿಧಾನದ 265ನೇ ವಿಧಿ ಹೇಳುತ್ತದೆ. ಅದನ್ನು ಓದಿ ಹೇಳುವುದಕ್ಕೂ ವಕೀಲರ ಫೀಸು ಬೇಕು!

ನೋಂದಣಿ ಆದವರಿಗೆ ಇನ್ನೊಂದು ಕಂಟಕ. ನೋಟಿಸು ಅಂಚೆಯಣ್ಣನೇ ತರಬೇಕೆಂದಿಲ್ಲ. ಇ-ಮೇಲಿಗೆ ಬರಬಹುದು, ಪೋರ್ಟಲ್ಲಿನಲ್ಲಿ ಹಾಕಿ ಸುಮ್ಮನಾಗಬಹುದು, ಕಾನೂನು ಒಪ್ಪುತ್ತದೆ. ಎಷ್ಟೋ ಅಂಗಡಿಗಳ ನೋಂದಣಿಯಲ್ಲಿರುವುದು ಲೆಕ್ಕ ಬರೆಯುವವರ ಫೋನ್ ನಂಬರು, ಅವರದೇ ಇ-ಮೇಲು. ಅವರು ಊರು ಬಿಟ್ಟರೆ ನಿಮ್ಮ ನೋಟಿಸೂ ಊರು ಬಿಟ್ಟಂತೆ. ನಂಬರು ನಿಮ್ಮದೇ ಹಾಕಿಸಿ. ಕೊಟ್ಟ ಉತ್ತರಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಆದೇಶ ಕೈಸೇರಿದ ದಿನದಿಂದ ಅಪೀಲಿಗೆ ಮೂರು ತಿಂಗಳು. ತಡಕ್ಕೆ ತಕ್ಕ ಕಾರಣ ಇದ್ದರೆ ಇನ್ನೊಂದು ತಿಂಗಳು. ಅದನ್ನೂ ದಾಟಿ ಹೋದ ಅರ್ಜಿಯನ್ನು ತೆಗೆದುಕೊಳ್ಳುವ ಅಧಿಕಾರ ಅಪೀಲು ಅಧಿಕಾರಿಗೇ ಇಲ್ಲ.