ಹಲಸು, ಪೆಲಕಾಯಿ, ಪಣಸು: ಒಂದು ಮೂಲದ್ರಾವಿಡ ಸಸ್ಯನಾಮದ ಪುನಾರಚನೆ

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಪರಿಸರದಲ್ಲಿ ಒಂದೇ ಫಲಕ್ಕೆ ಮೂರು ಹೆಸರುಗಳಿವೆ. ಕನ್ನಡದಲ್ಲಿ ಹಲಸು, ತುಳುವಿನಲ್ಲಿ ಪೆಲಕಾಯಿ, ಕೊಂಕಣಿಯಲ್ಲಿ ಪಣಸು. ಸಂಸ್ಕೃತದ ‘ಪನಸ’ವೇ ಇವೆಲ್ಲಕ್ಕೂ ಮೂಲವೆಂದು, ‘ಹಲಸು’ ಅದರ ತದ್ಭವವೆಂದು ಭಾವಿಸುವುದು ಸಹಜ. ಆದರೆ ಸೋದರ ಭಾಷೆಗಳ ರೂಪಗಳನ್ನು ಹೋಲಿಸಿದಾಗ ಬೇರೊಂದು ಚಿತ್ರ ದೊರೆಯುತ್ತದೆ.

ಹಳಗನ್ನಡದ ರೂಪ ‘ಪಲಸು’. ಪದಾದಿಯ ಪಕಾರವು ಹಕಾರವಾದುದು ಕನ್ನಡದ ಬೆಳವಣಿಗೆ. ತುಳು ಪಕಾರವನ್ನು ಉಳಿಸಿಕೊಂಡಿದೆ. ಹೂ–ಪೂ, ಹುಲಿ–ಪಿಲಿ ಎಂಬ ಜೋಡಿಗಳೂ ಇದನ್ನೇ ತೋರಿಸುತ್ತವೆ. ತಮಿಳಿನಲ್ಲಿ ಪಲಾ, ಪಿಲಾ, ಮಲಯಾಳದಲ್ಲಿ ಪ್ಲಾವು. ಈ ಎಲ್ಲ ರೂಪಗಳಲ್ಲಿಯೂ ಲಕಾರವಿದೆ. ಪನಸವೇ ಮೂಲವಾದರೆ ನಾಲ್ಕು ಭಾಷೆಗಳಲ್ಲಿಯೂ ನಕಾರ ಲಕಾರವಾಯಿತೆಂದು ಊಹಿಸಬೇಕಾಗುತ್ತದೆ. ಅದಕ್ಕಿಂತ *ಪಲಚ್ ಎಂಬಂತಹ ಸಮಾನ ಪೂರ್ವರೂಪವನ್ನು ಒಪ್ಪುವುದು ಸರಳ. (ನಕ್ಷತ್ರ ಚಿಹ್ನೆಯು ಲಿಖಿತ ದಾಖಲೆಯಿಲ್ಲದ, ಪುನಾರಚಿತ ರೂಪವನ್ನು ಸೂಚಿಸುತ್ತದೆ.) ಇದರ ಕೊನೆಯ ಚಕಾರ ತಮಿಳಿನಲ್ಲಿ ಲೋಪವಾಗಿ, ಕನ್ನಡದಲ್ಲಿ ಸಕಾರವಾಗಿ ಉಳಿದಂತೆ ತೋರುತ್ತದೆ.

‘ಪನಸ’ದ ಅಂತ್ಯದಲ್ಲಿಯೂ ಸಕಾರವಿರುವುದು ಗಮನಾರ್ಹ. ಆ ವ್ಯಂಜನ ಲೋಪವಾಗದಿದ್ದ ದ್ರಾವಿಡ ರೂಪವೊಂದನ್ನು ಸಂಸ್ಕೃತ ಸ್ವೀಕರಿಸಿರಬೇಕೆಂಬ ವಾದಕ್ಕೆ ಇದು ಪೋಷಕ. ಹಲಸು ಪಶ್ಚಿಮಘಟ್ಟದ ಮೂಲದ ಮರವೆಂಬ ಸಸ್ಯವಿಜ್ಞಾನದ ಅಭಿಪ್ರಾಯವೂ ಇದಕ್ಕೆ ಹೊಂದುತ್ತದೆ. ಹಾಗಾದರೆ ಕೊಂಕಣಿಯ ಪಣಸು ಪ್ರಾಕೃತದ ಮಾರ್ಗವಾಗಿ ತವರಿಗೆ ಮರಳಿದ ಪದ.

ವ್ಯಾಕರಣದ ದೃಷ್ಟಿಯಿಂದಲೂ ಈ ರೂಪಗಳು ಭಿನ್ನ. ಕನ್ನಡದ ‘ಹಲಸು’ ಉಕಾರಾಂತ ನಪುಂಸಕ ನಾಮಪದ. ಷಷ್ಠಿಯಲ್ಲಿ ಇನ್ ಆಗಮ ಪಡೆದು ‘ಹಲಸಿನ’ ಎಂದಾಗುತ್ತದೆ, ಆದುದರಿಂದ ‘ಹಲಸಿನಕಾಯಿ’. ತುಳುವಿನಲ್ಲಿ ‘ಪೆಲ’ ಪ್ರಕೃತಿಯು ವಿಭಕ್ತಿಯಿಲ್ಲದೆ ನೇರವಾಗಿ ಸಮಾಸಗೊಂಡು ‘ಪೆಲಕಾಯಿ’ಯಾಗುತ್ತದೆ. ಷಷ್ಠಿಯ ಪ್ರತ್ಯಯ ಸೇರುವುದು ಈ ಸಮಸ್ತಪದದ ಕೊನೆಗೆ: ‘ಪೆಲಕಾಯಿದ ಗಟ್ಟಿ’. ಮಲಯಾಳದಲ್ಲಿ ಮರಕ್ಕೆ ಪ್ಲಾವು, ಫಲಕ್ಕೆ ಚಕ್ಕ ಎಂಬ ವಿಭಾಗವಿದೆ. ಆ ‘ಚಕ್ಕ’ವೇ ಪೋರ್ಚುಗೀಸರ ಮೂಲಕ ಇಂಗ್ಲಿಷಿನ ‘ಜ್ಯಾಕ್’ ಆಯಿತು.

ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ (1961, ಪರಿಷ್ಕೃತ ಆವೃತ್ತಿ 1984) ಇಂತಹ ತುಲನೆಗೆ ತಳಹದಿ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ಅವಧಿಯಲ್ಲಿ ಪ್ರಕಟಿಸಿದ ಆರು ಸಂಪುಟಗಳ ತುಳು ನಿಘಂಟು ತುಳುವಿನ ರೂಪಗಳನ್ನು ಅಧ್ಯಯನಕ್ಕೆ ಒದಗಿಸಿತು. ಸಂಸ್ಕೃತದಲ್ಲಿ ಸದೃಶ ರೂಪವಿದ್ದ ಮಾತ್ರಕ್ಕೆ ಒಂದು ಪದವನ್ನು ತದ್ಭವವೆಂದು ನಿರ್ಣಯಿಸುವುದು ಸರಿಯಲ್ಲ. ಸೋದರ ಭಾಷೆಗಳ ಸಾಕ್ಷ್ಯವನ್ನು ಮೊದಲು ಪರಿಶೀಲಿಸಬೇಕೆಂಬುದನ್ನು ‘ಹಲಸು’ ಸ್ಪಷ್ಟಪಡಿಸುತ್ತದೆ.