ಟೆಲಿವಿಷನ್ನಿನಲ್ಲಿ ರೋಮಾಂಚಕ ಚಿತ್ರಗಳು: ಪಾಠಾಂತರದ ಒಂದು ಸಮಸ್ಯೆ

ಇತಿಹಾಸ ಸಂಶೋಧನೆಗೆ ಚಲನಚಿತ್ರವೂ ಒಂದು ಆಧಾರವೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಶಾಸನ, ನಾಣ್ಯ, ಕಡತ, ವೃತ್ತಪತ್ರಿಕೆಗಳ ಸಾಲಿನಲ್ಲಿ ಅದಕ್ಕೂ ಒಂದು ಸ್ಥಾನ ದೊರೆತಿದೆ. ಅದರಲ್ಲಿಯೂ ಸಾಹಸಚಿತ್ರ, ರೋಮಾಂಚಕ ಚಿತ್ರಗಳು, ಎಂದರೆ ಆಕ್ಷನ್, ಥ್ರಿಲ್ಲರ್ ಎಂಬ ಹೆಸರಿನಿಂದ ಪ್ರಸಿದ್ಧವಾದವು, ಒಂದು ಕಾಲದ ಸಮಾಜ ಯಾವುದಕ್ಕೆ ಹೆದರುತ್ತಿತ್ತು, ಯಾರನ್ನು ಶತ್ರುವೆಂದು ಎಣಿಸುತ್ತಿತ್ತು ಎಂಬುದನ್ನು ಅರಿಯಲು ಬಹಳ ಉಪಯುಕ್ತವಾದವು. ಆದರೆ ಹಳೆಯ ಚಿತ್ರಗಳನ್ನು ನಮ್ಮಲ್ಲಿ ಬಹುಮಂದಿ ನೋಡಿರುವುದು ಚಿತ್ರಮಂದಿರದಲ್ಲಲ್ಲ, ಮನೆಯ ಟೆಲಿವಿಷನ್ನಿನಲ್ಲಿ. ಅಲ್ಲಿ ಕಂಡದ್ದು ಮೂಲಚಿತ್ರವೇ? ಅಲ್ಲವಾದರೆ, ಅದನ್ನು ಆಧಾರವಾಗಿ ಬಳಸುವ ಬಗೆ ಹೇಗೆ? ಈ ಎರಡು ಪ್ರಶ್ನೆಗಳನ್ನು ಅಮೆರಿಕದ ಟೆಲಿವಿಷನ್ನಿನ ಕೆಲವು ನಿದರ್ಶನಗಳ ಮೂಲಕ ಇಲ್ಲಿ ವಿವೇಚಿಸಲಾಗುವುದು.

ಮೊದಲು ಪೂರ್ವಕಥೆ. ಆರಂಭದ ದಿನಗಳಲ್ಲಿ ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳು ಟೆಲಿವಿಷನ್ನನ್ನು ಪ್ರತಿಸ್ಪರ್ಧಿಯೆಂದು ಬಗೆದು, ತಮ್ಮ ಚಿತ್ರಗಳನ್ನು ಅದಕ್ಕೆ ಕೊಡದೆ ಬಿಗಿಹಿಡಿದಿದ್ದವು. ೧೯೫೫ರಲ್ಲಿ ಆರ್.ಕೆ.ಓ. ಸಂಸ್ಥೆ ಮಾರಾಟವಾಗಿ, ಅದರ ಹಳೆಯ ಚಿತ್ರಗಳ ಭಂಡಾರವು ಟೆಲಿವಿಷನ್ನಿನ ಪಾಲಿಗೆ ಬಂದಿತು. ಉಳಿದ ಸಂಸ್ಥೆಗಳೂ ಒಂದರ ಹಿಂದೊಂದು ಅದೇ ದಾರಿಯನ್ನು ಹಿಡಿದವು. ೧೯೬೧ರ ಸೆಪ್ಟೆಂಬರಿನಲ್ಲಿ ಎನ್.ಬಿ.ಸಿ. ಜಾಲವು ಶನಿವಾರ ರಾತ್ರಿ ಸಾಕಷ್ಟು ಇತ್ತೀಚಿನ ಚಿತ್ರಗಳನ್ನು ಕ್ರಮವಾಗಿ ತೋರಿಸತೊಡಗಿತು. ೧೯೬೬ರ ಸೆಪ್ಟೆಂಬರ್ ೨೫ರಂದು ಎ.ಬಿ.ಸಿ. ಜಾಲವು ೧೯೫೭ರ ಯುದ್ಧಸಾಹಸಚಿತ್ರವಾದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ಯನ್ನು ಪ್ರಸಾರ ಮಾಡಿದಾಗ ಅದನ್ನು ಸುಮಾರು ಆರು ಕೋಟಿ ಜನ ನೋಡಿದರೆಂದು ಅಂದಾಜು ಮಾಡಲಾಯಿತು. ಒಂದೇ ರಾತ್ರಿ ಇಷ್ಟು ಜನರ ಮುಂದೆ ಬರುವ ಚಿತ್ರವು ಬಂದ ಹಾಗೆಯೇ ಉಳಿಯುವುದು ಸಾಧ್ಯವಿರಲಿಲ್ಲ. ಅದು ಮೂರು ಕಾರಣಗಳಿಂದ ಮಾರ್ಪಡುತ್ತಿತ್ತು.

ಮೊದಲನೆಯದು ಚೌಕಟ್ಟು. ಅಂದಿನ ಟೆಲಿವಿಷನ್ ಪರದೆಯ ಅಗಲವು ಎತ್ತರದ ೧.೩೩ರಷ್ಟು ಮಾತ್ರ. ೧೯೫೩ರಲ್ಲಿ ಬಂದ ಸಿನಿಮಾಸ್ಕೋಪ್ ಪದ್ಧತಿಯಲ್ಲಿ ಈ ಪ್ರಮಾಣವು ಕಾಲಕ್ರಮದಲ್ಲಿ ಸುಮಾರು ೨.೩೫ಕ್ಕೆ ನೆಲೆಗೊಂಡಿತು. ಇಂತಹ ಚಿತ್ರದಿಂದ ಟೆಲಿವಿಷನ್ ಪರದೆಯನ್ನು ತುಂಬಿಸಬೇಕಾದರೆ ಪ್ರತಿಯೊಂದು ದೃಶ್ಯದ ಐದರಲ್ಲಿ ಎರಡು ಪಾಲಿಗೂ ಹೆಚ್ಚಿನ ಭಾಗವನ್ನು ಬಿಟ್ಟುಬಿಡಬೇಕು. ಯಾವ ಭಾಗವನ್ನು ಉಳಿಸಬೇಕೆಂಬುದನ್ನು ನಿರ್ಧರಿಸುತ್ತಿದ್ದವನು ನಿರ್ದೇಶಕನಲ್ಲ, ಪ್ರತಿಯನ್ನು ಸಿದ್ಧಪಡಿಸುವ ತಂತ್ರಜ್ಞ. ರೋಮಾಂಚಕ ಚಿತ್ರದಲ್ಲಿ ಇದರ ಪರಿಣಾಮ ಅಲ್ಪವಲ್ಲ. ಪರದೆಯ ಒಂದು ತುದಿಯಲ್ಲಿ ಏನೂ ಅರಿಯದ ಮನುಷ್ಯ, ಇನ್ನೊಂದು ತುದಿಯಲ್ಲಿ ಹೊಂಚುಹಾಕಿದ ಕೊಲೆಗಾರ, ನಡುವೆ ಬರಿದಾದ ಸ್ಥಳ. ಪ್ರೇಕ್ಷಕನು ಇಬ್ಬರನ್ನೂ ಒಟ್ಟಿಗೆ ಕಾಣುವುದರಿಂದಲೇ ಅಲ್ಲಿ ಆತಂಕ ಹುಟ್ಟುತ್ತದೆ. ಒಬ್ಬನನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಉಳಿಯುವುದು ಬೇರೆಯದೇ ದೃಶ್ಯ.

ಎರಡನೆಯದು ಕಾಲ. ಟೆಲಿವಿಷನ್ನಿನ ವೇಳೆಯನ್ನು ಜಾಹೀರಾತುಗಳಿಗೂ ಸೇರಿಸಿ ಗಂಟೆಗಳ ಲೆಕ್ಕದಲ್ಲಿ ಹಂಚಲಾಗುತ್ತದೆ. ಚಿತ್ರ ಉದ್ದವಾದರೆ ಕತ್ತರಿ ಆಡುತ್ತದೆ. ಸಾಲದೆ ಹೋದರೆ ಸೇರಿಕೆಯೂ ಉಂಟು. ಲಾಸ್ ಏಂಜಲಿಸ್ ನಗರದ ಭೂಕಂಪವನ್ನು ಚಿತ್ರಿಸುವ ೧೯೭೪ರ ‘ಅರ್ತ್‌ಕ್ವೇಕ್’ ಚಿತ್ರವು ೧೯೭೬ರಲ್ಲಿ ಎನ್.ಬಿ.ಸಿ.ಯಲ್ಲಿ ಬಂದಾಗ, ಎರಡು ರಾತ್ರಿಗಳಿಗೆ ಸಾಲುವಂತೆ ಅದಕ್ಕೆ ಚಿತ್ರಮಂದಿರದಲ್ಲಿ ಇಲ್ಲದಿದ್ದ ದೃಶ್ಯಗಳನ್ನು ಕೂಡಿಸಲಾಗಿತ್ತು.

ಮೂರನೆಯದೂ ಮುಖ್ಯವಾದುದೂ ಎಂದರೆ ಹಿಂಸೆಯ ಬಗೆಗಿನ ಸಂಕೋಚ. ಡಾನ್ ಸೀಗಲ್ ನಿರ್ದೇಶಿಸಿದ ‘ದಿ ಕಿಲ್ಲರ್ಸ್’ ಚಿತ್ರವನ್ನು ತಯಾರಿಸಿದ್ದೇ ಟೆಲಿವಿಷನ್ನಿಗಾಗಿ. ಆದರೆ ಅದರಲ್ಲಿ ಹಿಂಸೆ ಮಿತಿಮೀರಿದೆಯೆಂದು ಎನ್.ಬಿ.ಸಿ. ಅದನ್ನು ಒಪ್ಪಲಿಲ್ಲ. ಅದು ೧೯೬೪ರಲ್ಲಿ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಹಿಚ್‌ಕಾಕರ ‘ಸೈಕೋ’ವನ್ನು (೧೯೬೦) ಸಿ.ಬಿ.ಎಸ್. ಜಾಲವು ಕೊಂಡು ೧೯೬೬ರ ಸೆಪ್ಟೆಂಬರಿನಲ್ಲಿ ತೋರಿಸಲು ಏರ್ಪಾಟು ಮಾಡಿತ್ತು. ಕೆಲವೇ ದಿನಗಳ ಮುಂಚೆ ಇಲಿನಾಯ್ ರಾಜ್ಯದ ಸೆನೆಟ್ ಅಭ್ಯರ್ಥಿಯೊಬ್ಬರ ಮಗಳು ತನ್ನ ಮನೆಯಲ್ಲಿಯೇ ಕೊಲೆಯಾದುದರಿಂದ ಆ ಪ್ರಸಾರ ನಿಂತುಹೋಯಿತು. ೧೯೭೨ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರ ಸಲಹಾ ಸಮಿತಿಯು ಟೆಲಿವಿಷನ್ನಿನ ಹಿಂಸೆ ಮತ್ತು ಮಕ್ಕಳ ನಡತೆಯನ್ನು ಕುರಿತು ವರದಿಯಿತ್ತಿತು. ೧೯೭೫ರಲ್ಲಿ ಜಾಲಗಳು ಸಂಜೆಯ ಮೊದಲ ವೇಳೆಯನ್ನು ಕುಟುಂಬದವರೆಲ್ಲರೂ ಕೂಡಿ ನೋಡತಕ್ಕ ಕಾರ್ಯಕ್ರಮಗಳಿಗೆ ಮೀಸಲಿಟ್ಟವು.

ಈ ಒತ್ತಡವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ೧೯೭೬ರ ‘ಟೂ-ಮಿನಿಟ್ ವಾರ್ನಿಂಗ್’ ಉತ್ತಮ ನಿದರ್ಶನ. ಲಾಸ್ ಏಂಜಲಿಸಿನ ಮಹಾಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ ನಡೆಯುತ್ತಿರುವಾಗ ಬಂದೂಕು ಹಿಡಿದವನೊಬ್ಬನು ಎತ್ತರದಲ್ಲಿ ಅಡಗಿ ಕುಳಿತು ಜನಸಮೂಹದ ಮೇಲೆ ಗುಂಡು ಹಾರಿಸುವುದೇ ಅದರ ಕಥೆ. ಅವನು ಯಾರು, ಏತಕ್ಕಾಗಿ ಕೊಲ್ಲುತ್ತಾನೆ ಎಂಬುದನ್ನು ಚಿತ್ರವು ಹೇಳುವುದಿಲ್ಲ. ಅದರ ಭಯಂಕರತೆಯೆಲ್ಲವೂ ಈ ಮೌನದಲ್ಲಿಯೇ ಇದೆ. ೧೯೬೬ರ ಆಗಸ್ಟಿನಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದ ಗೋಪುರದಿಂದ ಗುಂಡುಹಾರಿಸಿ ಅನೇಕರನ್ನು ಕೊಂದ ಘಟನೆಯನ್ನು ಕಂಡಿದ್ದ ಸಮಾಜಕ್ಕೆ ಆ ಮೌನದ ಅರ್ಥ ತಿಳಿಯದೆ ಇರಲಿಲ್ಲ.

೧೯೭೯ರಲ್ಲಿ ಇದೇ ಚಿತ್ರ ಎನ್.ಬಿ.ಸಿ.ಯಲ್ಲಿ ಬಂದಿತು. ಆದರೆ ಹಿಂಸೆಯ ಭಾಗಗಳನ್ನು ಬಹಳಮಟ್ಟಿಗೆ ತೆಗೆದುಹಾಕಿ, ಆ ಸ್ಥಳವನ್ನು ತುಂಬಲು ಹೊಸ ದೃಶ್ಯಗಳನ್ನು ಚಿತ್ರೀಕರಿಸಿ ಸೇರಿಸಲಾಗಿತ್ತು. ಹೊಸ ಪಾಠದ ಪ್ರಕಾರ ಕಳ್ಳರ ಗುಂಪೊಂದು ಬೆಲೆಬಾಳುವ ಕಲಾಕೃತಿಗಳನ್ನು ಅಪಹರಿಸಲು ಹೊಂಚುತ್ತದೆ. ಪೊಲೀಸರ ಗಮನವನ್ನು ಬೇರೆಡೆಗೆ ಸೆಳೆಯುವುದೇ ಬಂದೂಕಿನವನ ಕೆಲಸ. ಕಾರಣವಿಲ್ಲದ ಕೊಲೆಗೆ ಕಾರಣ ದೊರೆಯಿತು. ಹುಚ್ಚಿಗೂ ಒಂಟಿತನಕ್ಕೂ ಬದಲಾಗಿ ಎಲ್ಲರಿಗೂ ಅರ್ಥವಾಗುವ ಧನಲೋಭ ಬಂದಿತು. ಇದು ಗದ್ಯದಲ್ಲಿ ಒಂದೆರಡು ಪದಗಳನ್ನು ತಿದ್ದಿದಂತಲ್ಲ; ಗ್ರಂಥದ ತಾತ್ಪರ್ಯವನ್ನೇ ಹೊರಳಿಸಿದಂತೆ. ಈ ಪಾಠವೊಂದನ್ನೇ ನೋಡಿದ ಸಂಶೋಧಕನು, ೧೯೭೬ರ ಅಮೆರಿಕನ್ ಚಿತ್ರಗಳು ಸಾಮೂಹಿಕ ಹತ್ಯೆಯನ್ನು ಸಾಧಾರಣ ಕಳ್ಳತನದ ಅಂಗವಾಗಿ ಕಂಡವೆಂದು ಬರೆದರೆ, ಅವನು ಕಂಡದ್ದನ್ನೇ ಬರೆದಂತಾಯಿತು. ಆದರೂ ಅದು ಪೂರ್ಣವಾಗಿ ತಪ್ಪು.

ಇಂತಹ ತಪ್ಪು ಪ್ರಕೃತ ಲೇಖಕನಿಂದಲೂ ನಡೆದಿದೆ. ಸ್ಟೀವನ್ ಸ್ಪೀಲ್‌ಬರ್ಗರ ‘ಡ್ಯುಯೆಲ್’ ೧೯೭೧ರ ನವೆಂಬರ್ ೧೩ರಂದು ಎ.ಬಿ.ಸಿ.ಯಲ್ಲಿ ಮೊದಲು ಪ್ರಸಾರವಾದ ಟೆಲಿವಿಷನ್ ಚಿತ್ರ. ನಿರ್ಜನವಾದ ಹೆದ್ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿರುವ ಸಾಮಾನ್ಯ ಗೃಹಸ್ಥನನ್ನು ಮುಖ ಕಾಣದ ಚಾಲಕನೊಬ್ಬನ ಲಾರಿ ಬೆನ್ನಟ್ಟುವುದು ಅದರ ವಸ್ತು. ಆ ಗೃಹಸ್ಥನು ದಾರಿಯಲ್ಲಿ ಹೆಂಡತಿಗೆ ಫೋನು ಮಾಡಿ, ಹಿಂದಿನ ರಾತ್ರಿಯ ಮನಸ್ತಾಪವನ್ನು ಕುರಿತು ಮಾತನಾಡುವ ದೃಶ್ಯವೊಂದುಂಟು. ಅದನ್ನು ಆಧರಿಸಿ, ೧೯೭೧ರ ಅಮೆರಿಕನ್ ಟೆಲಿವಿಷನ್ ಕುಟುಂಬದೊಳಗಿನ ಗಂಡಸಿನ ಅಳುಕನ್ನು ಹೇಗೆ ಚಿತ್ರಿಸಿತೆಂದು ನಾನು ಸ್ನಾತಕೋತ್ತರ ತರಗತಿಯಲ್ಲಿ ವಿಸ್ತಾರವಾಗಿ ವಿವರಿಸಿದ್ದೆ. ಮೊದಲ ಪ್ರಸಾರದ ಚಿತ್ರದ ಉದ್ದ ೭೪ ನಿಮಿಷ, ನಾನು ನೋಡಿದ್ದು ೯೦ ನಿಮಿಷದ್ದು ಎಂಬುದನ್ನು ಎತ್ತಿತೋರಿಸಿದವರು ನನ್ನ ಮಾತನ್ನು ನಂಬಿ ಪ್ರಬಂಧದಲ್ಲಿ ಒಂದು ಪುಟವನ್ನು ಬರೆದಿದ್ದ ವಿದ್ಯಾರ್ಥಿನಿಯೊಬ್ಬರು. ವಿಚಾರಿಸಿದಾಗ, ಫೋನಿನ ದೃಶ್ಯವೂ ಶಾಲಾ ಬಸ್ಸಿನ ಮತ್ತು ರೈಲುದಾರಿಯ ದೃಶ್ಯಗಳೂ ವಿದೇಶದ ಚಿತ್ರಮಂದಿರಗಳಿಗಾಗಿ ಅನಂತರ ಸೇರಿಸಿದುವೆಂದು ತಿಳಿಯಿತು. ಅವರು ಆ ಪುಟವನ್ನು ಹರಿದುಹಾಕಬೇಕಾಯಿತು. ನಾನು ನನ್ನ ಟಿಪ್ಪಣಿಯನ್ನು ತಿದ್ದಿಕೊಳ್ಳಬೇಕಾಯಿತು.

ಈ ಸಮಸ್ಯೆ ನಮಗೆ ಹೊಸದಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರು, ಓಲೆಗರಿಯ ಒಂದೇ ಪ್ರತಿಯನ್ನು ನಂಬಿ ಕವಿಯ ಮಾತು ಇದೇ ಎಂದು ಸಾಧಿಸಲು ಹೋಗುವುದಿಲ್ಲ. ಲಿಪಿಕಾರನು ಬಿಟ್ಟದ್ದೆಷ್ಟು, ತಿದ್ದಿದ್ದೆಷ್ಟು, ತಾನಾಗಿ ಸೇರಿಸಿದ್ದೆಷ್ಟು ಎಂದು ಪ್ರತಿಗಳನ್ನು ಹೋಲಿಸಿ ನೋಡುತ್ತಾರೆ. ಟೆಲಿವಿಷನ್ ಚಿತ್ರದಲ್ಲಿಯೂ ಲೋಪವುಂಟು, ಪ್ರಕ್ಷೇಪವುಂಟು, ಪಾಠಾಂತರವುಂಟು. ಆದರೆ ಪ್ರಕ್ಷಿಪ್ತವೆಂದ ಮಾತ್ರಕ್ಕೆ ಅದು ತ್ಯಾಜ್ಯವಲ್ಲ. ಪ್ರಕ್ಷಿಪ್ತ ಪದ್ಯವು ಕವಿಯ ಕಾಲಕ್ಕೆ ಸಾಕ್ಷಿಯಾಗದಿದ್ದರೂ ಅದನ್ನು ಸೇರಿಸಿದವನ ಕಾಲಕ್ಕೆ ಸಾಕ್ಷಿಯಾಗುತ್ತದೆ. ೧೯೭೬ರ ಚಿತ್ರವು ತನ್ನ ಕಾಲದ ಭಯಕ್ಕೆ ಸಾಕ್ಷಿ. ೧೯೭೯ರ ಪಾಠವು ಆ ಭಯವನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಒಪ್ಪದ ಮನೋಧರ್ಮಕ್ಕೆ ಸಾಕ್ಷಿ. ಎರಡೂ ಬೇಕು, ಒಂದನ್ನು ಇನ್ನೊಂದೆಂದು ಭ್ರಮಿಸಬಾರದು, ಅಷ್ಟೆ.

ನಮ್ಮ ದೇಶದಲ್ಲಿಯೂ ಈ ಎಚ್ಚರಿಕೆ ಅಗತ್ಯ. ವಯಸ್ಕರಿಗೆ ಮಾತ್ರವೆಂಬ ಪ್ರಮಾಣಪತ್ರವನ್ನು ಪಡೆದ ಚಿತ್ರವನ್ನು ಅದೇ ರೂಪದಲ್ಲಿ ಕೇಬಲ್ ಟೆಲಿವಿಷನ್ನಿನಲ್ಲಿ ತೋರಿಸುವಂತಿಲ್ಲ. ಕೊಲೆ, ರಕ್ತಪಾತದ ಭಾಗಗಳನ್ನು ಕತ್ತರಿಸಿ ಮತ್ತೊಮ್ಮೆ ಪ್ರಮಾಣಪತ್ರವನ್ನು ಪಡೆಯಬೇಕು. ೨೦೨೩ರಲ್ಲಿ ತಿದ್ದುಪಡಿಯಾದ ಚಲನಚಿತ್ರ ಕಾಯಿದೆಯು ಟೆಲಿವಿಷನ್ನಿಗಾಗಿ ಪ್ರತ್ಯೇಕ ಪ್ರಮಾಣಪತ್ರವನ್ನು ಕೊಡಲು ಅವಕಾಶ ಕಲ್ಪಿಸಿದೆ. ಆದುದರಿಂದ ಕನ್ನಡದ ಅಪರಾಧಚಿತ್ರವೊಂದು ಚಿತ್ರಮಂದಿರದಲ್ಲಿ ಒಂದು ರೂಪದಲ್ಲಿಯೂ ಮನೆಯಲ್ಲಿ ಇನ್ನೊಂದು ರೂಪದಲ್ಲಿಯೂ ಇರುವುದು ಅಪರೂಪವಲ್ಲ. ಮುಂದೆ ನಮ್ಮ ಕಾಲವನ್ನು ಕುರಿತು ಬರೆಯುವವರಿಗೆ ಇವುಗಳಲ್ಲಿ ಯಾವುದು ಕೈಗೆ ಸಿಕ್ಕುವುದೋ ಹೇಳಬಲ್ಲವರಿಲ್ಲ.

ಹೀಗಿರುವುದರಿಂದ, ಚಿತ್ರವನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿಗಳು ಅದರ ಹೆಸರು ಮತ್ತು ವರ್ಷಗಳನ್ನಷ್ಟೇ ಬರೆದು ತೃಪ್ತರಾಗಬಾರದು. ಎಲ್ಲಿ ನೋಡಿದ್ದು, ಯಾವ ದಿನ ನೋಡಿದ್ದು, ಎಷ್ಟು ನಿಮಿಷದ ಪ್ರತಿ, ಪರದೆಯ ಪ್ರಮಾಣವೇನು, ಯಾವ ಪ್ರಮಾಣಪತ್ರ ಎಂಬ ಐದು ವಿವರಗಳನ್ನು ಗುರುತಿಸಿಕೊಳ್ಳಬೇಕು. ಇದಕ್ಕೆ ಹಿಡಿಯುವುದು ಒಂದೇ ಸಾಲು. ಆ ಸಾಲನ್ನು ಬರೆಯದೆ ಹೋದುದರ ಬೆಲೆಯನ್ನು ಮೇಲೆ ಹೇಳಿದ್ದೇನೆ.